ಎಚ್ಚರದ ಸರದಿ

ಕುಟುಂಬ ಸಮೇತ ಓದಲು ಬರುವವರನ್ನು ಈ ದೇಶ ಸಂತೋಷದಿಂದ ಸ್ವಾಗತಿಸುತ್ತದೆ; ಮನೆಮಂದಿಯಲ್ಲಿ ಒಮ್ಮೆಗೆ ಒಬ್ಬರು ಮಾತ್ರ ಎಚ್ಚರವಾಗಿದ್ದರೆ ಸಾಕು. ಉಳಿದವರಿಗೆ ನಿದ್ದೆಯ ಮಾತ್ರೆ ಸರ್ಕಾರದ್ದೇ, ಉಚಿತ. ಇಂಥ ಔದಾರ್ಯ ಬೇರೆಲ್ಲಿದೆ? ಸರದಿ ಬದಲಾಗುವಾಗ ಚಹಾ ಕುದಿಯುವಷ್ಟು ಹೊತ್ತು ಗಂಡ ಹೆಂಡತಿ ಇಬ್ಬರೂ ಎದ್ದಿರಬಹುದು. ಸಂಸಾರವನ್ನು ಅಷ್ಟರಲ್ಲಿ ಮುಗಿಸಬೇಕು.

ಪಿಎಚ್‌ಡಿ ಮಾಡುತ್ತಿದ್ದ ಮಂದಾಕಿನಿ ಕಣ್ಣುಜ್ಜಿಕೊಂಡು ಎದ್ದಾಗ ಗಂಡ ಶ್ರೀಕಂಠನ ಮುಖ ಸಪ್ಪಗಿತ್ತು.

"ಎಚ್ಚರಿಕೆ ಬಂದಿದೆ ಕಣೇ. ಇಬ್ಬರು ಓಡಾಡಿದ್ದಾರೆ ಅಂತ ನೆಲದ ಸೆನ್ಸರ್ ಹೇಳಿದೆಯಂತೆ. ಇನ್ನೊಂದ್ಸಲ ಆದ್ರೆ ನನ್ನನ್ನೂ ಪುಟ್ಟೀನೂ ಊರಿಗೆ ಕಳಿಸ್ತಾರಂತೆ."

"ಇನ್ನೊಬ್ರು ಯಾರ್ರೀ?"

"ನಾನೇ. ಗೋಡೆ ಪಕ್ಕದಲ್ಲಿ ಹೋಗೋದು ಬಿಟ್ಟು ಅವಸರದಲ್ಲಿ ಪುಟ್ಟೀನ ದಾಟಿಬಿಟ್ಟೆ. ಮಲಗಿದ ಮಗೂನ ದಾಟಿದ್ರೆ ಬೆಳೆಯಲ್ವಲ್ಲ, ಅದಕ್ಕೆ ವಾಪಸ್ ದಾಟಿದೆ. ಒಬ್ಬನೇ ಆದ್ರೆ ಯಾಕೆ ಹಾಗೆ ಹಿಂದೆ ಮುಂದೆ ಹಾರ್ತಾನೆ ಅಂತ ಅವರ ತರ್ಕ."

"ಎಂಎಸ್ಸಿ ಓದಿದೀರಿ! ಮಕ್ಕಳು ಬೆಳೆಯೋದು ಹಾರ್ಮೋನಿಂದ, ನಿಮ್ಮ ಕಾಲಿಂದ ಅಲ್ಲ. ಸುಮ್ನೆ ಮಲ್ಕೊಳ್ಳಿ."

ಅವನು ಮಾತ್ರೆ ನುಂಗಿ ಮಲಗಿದ. ಮಂದಾಕಿನಿ ಚಹಾ ಕುಡಿದು, ಬ್ಯಾಗು ಹೆಗಲಿಗೇರಿಸಿ, ವಿಜ್ಞಾನದ ಮೇಲಿನ ಗೌರವದಿಂದ ಮಗಳನ್ನು ಬೇಕೆಂದೇ ದಾಟಿ ಬಾಗಿಲಿಗೆ ಕೈ ಹಾಕಿದಳು. ಅಲ್ಲಿಂದ ಒಮ್ಮೆ ತಿರುಗಿ ನೋಡಿದಳು. ಎರಡು ವರ್ಷದ ಹಿಂದೆ ಊರಿಂದ ಹೊರಡುವ ಮೊದಲು ಹೊಲಿಸಿದ್ದ ಲಂಗ ಮಗಳಿಗೆ ಇನ್ನೂ ಸರಿಯಾಗಿಯೇ ಆಗುತ್ತಿತ್ತು.

ಅವಳು ಶೂ ಬಿಚ್ಚಿ, ಉಸಿರು ಬಿಗಿಹಿಡಿದು, ಹಿಂದಕ್ಕೆ ದಾಟಿದಳು. ಗೋಡೆಯ ಮೇಲೆ ಕೆಂಪು ದೀಪ ಹೊತ್ತಿಕೊಂಡಿತು.