ಒಂದು ಹನಿ ಎಣ್ಣೆ

ಕೋವಿಯ ಕುದುರೆ ಸುತ್ತಿಗೆಯಂತೆ ಬಿತ್ತು. ಕಿಡಿ ಕೊಡುವ ಹೊಸ ಕೇಪು ಚಟ್ ಎಂದು ಸಿಡಿಯಿತು. ಕೋವಿ ಮಾತ್ರ ಹಾರಲಿಲ್ಲ.

ಆಕಾಶಕ್ಕೆ ಹಿಡಿದ ನಳಿಗೆಯನ್ನು ಕೋವಿ ರಿಪೇರಿಯ ಬಾಷಾ ಸಾಬ್ ಕೂಡಲೇ ಇಳಿಸಲಿಲ್ಲ. ಕಿಡಿ ಒಳಗೆಲ್ಲೋ ಅವಿತಿದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ಪಟೇಲರ ಜಗಲಿಯ ಮುಂದೆ ನೆರೆದ ಊರು ಕಾಯಿತು. ಏನೂ ಆಗಲಿಲ್ಲ.

"ಅವತ್ತೂ ಇಂಗೇಯಾ," ಎಂದ ದೊಡ್ಡರಂಗಯ್ಯ. ಅವನ ಬಲಗೈಗೆ ಭುಜದವರೆಗೂ ಬಟ್ಟೆ ಸುತ್ತಿತ್ತು. "ನಾನೇ ತುಂಬಿದ್ದು, ನಾನೇ ಗುರಿಯಿಟ್ಟಿದ್ದು. ಕರಡಿ ನನ್ ತಮ್ಮನ ಮ್ಯಾಲಿತ್ತು. ಕೇಪು ಚಟ್ ಅಂತು, ಅಷ್ಟೆ."

ಹಿಂದಿನಿಂದ ಯಾರೋ ಗೊಣಗಿದರು. "ಪಾಲಿನ ಜಗಳದಾಗೆ ತಮ್ಮನ್ನ ಸುಟ್ಟಾಕ್ತೀನಿ ಅಂದಿದ್ನಲ್ಲ. ಸುಡ್ದೇನೇ ಸಾಯ್ಸಿದ."

"ಯಾವನ್ಲಾ ಅದು?" ದೊಡ್ಡರಂಗಯ್ಯ ಎದ್ದ. ಪಟೇಲ ಶಂಕರಲಿಂಗಪ್ಪ ಅವನ ಎಡಗೈ ಹಿಡಿದು ಕೂರಿಸಿದರು.

"ನಾಳೆ ಕೋವಿ ಮಧುಗಿರಿ ಠಾಣೆಗೆ ಹೋಗ್ಬೇಕು. ತಪ್ಪು ತುಂಬಿದೋನದೋ, ರಿಪೇರಿ ಮಾಡ್ದೋನದೋ, ಇವತ್ತೇ ಗೊತ್ತಾಗ್ಲಿ. ನೋಡ್ರಿ ಸಾಬ್ರೆ."

ಸುದ್ದಿ ಶಿರಾ ತಲುಪಿದ ದಿನದಿಂದ ಬಾಷಾ ಸಾಬ್‌ಗೆ ನಿದ್ದೆಯಿರಲಿಲ್ಲ. ರಿಪೇರಿ ಮುಗಿದ ಮೇಲೆ ನಳಿಗೆಗೆ ಎಣ್ಣೆ ಬಿಟ್ಟಿದ್ದ. ಒಣಬಟ್ಟೆಯಲ್ಲಿ ಒರೆಸಿ ತೆಗೆದಿದ್ದನೇ? ಒರೆಸಿದ ನೆನಪೇನೋ ಇತ್ತು. ಅದು ಈ ಕೋವಿಯ ನೆನಪೋ, ಬೇರೊಂದರದೋ? ಒಂದು ಹನಿ ಉಳಿದಿದ್ದರೂ ಸಾಕು, ಮದ್ದು ನೆನೆದು ಕೆಸರಾಗುತ್ತದೆ.

ರಿಪೇರಿಗೆ ಕೋವಿ ತಂದಿದ್ದವನು ಸತ್ತ ತಮ್ಮ ಸಣ್ಣರಂಗಯ್ಯನೇ. ಜೊತೆಯಲ್ಲಿ ಹೆಂಡತಿ ಚಿಕ್ಕಹನುಮಕ್ಕ. ಬಾಷಾ ಸಾಬ್‌ನ ಹೆಂಡತಿ ಖಾಜಾಬಿಯ ಊದಿದ ಕೆನ್ನೆ ನೋಡಿ, ಸಂತೆಗೆಂದು ತಂದಿದ್ದ ಗಂಟು ಬಿಚ್ಚಿ ಒಂದು ಪೊಟ್ಟಣ ಹಲ್ಲುಪುಡಿ ಕೊಟ್ಟಿದ್ದಳು. "ಲವಂಗ ಹಾಕಿ ನಾನೇ ಕುಟ್ಟಿದ್ದು ಕಣಮ್ಮ."

"ಹುಷಾರು," ಎಂದು ಸಣ್ಣರಂಗಯ್ಯ ನಕ್ಕಿದ್ದ. "ಇವಳ ಪುಡಿ ತಿಕ್ಕಿದ್ರೆ ನೋವೂ ಹೋಗ್ತದೆ, ಹಲ್ಲೂ ಹೋಗ್ತದೆ."

ಆಮೇಲೆ ಅವಳು ಕೋವಿಯನ್ನೇ ನೋಡುತ್ತ ಕೇಳಿದ್ದಳು. "ಸಾಬ್ರೆ, ಇದು ಕೈಕೊಡೋದು ಯಾತರಿಂದ?"

ರೈತರ ಮನೆಯ ಹೆಣ್ಣುಮಗಳು ಇಷ್ಟು ಆಸ್ಥೆಯಿಂದ ಕೇಳುತ್ತಾಳಲ್ಲ ಎಂದು ಬಾಷಾ ಸಾಬ್‌ಗೆ ಸಂತೋಷವಾಗಿತ್ತು. ಎಲ್ಲ ಹೇಳಿದ. ಕೇಪು ಥಂಡಿ ಹಿಡಿದರೆ. ಕಿಡಿ ಹೋಗುವ ತೂತು ಕಟ್ಟಿದರೆ. ಮದ್ದು ಕೆಟ್ಟರೆ. "ಮದ್ದಿನ ಕೊಂಬನ್ನ ಅಡುಗೆಮನೆ ಗೋಡೆಗೆ ತೂಗುಹಾಕಮ್ಮ. ಒಲೆಗೆ ದೂರ ಇರ್ಲಿ, ಆದ್ರೆ ಬೆಚ್ಚಗಿರ್ಲಿ." ಅವಳು ತಲೆಯಾಡಿಸಿದ್ದಳು.

ಈಗ ಅವಳು ಬೋಳು ಹಣೆಯಲ್ಲಿ ಗೋಡೆಗೊರಗಿ ಕೂತಿದ್ದಳು. ಗಂಡ ಸತ್ತಾಗಿನಿಂದ ಒಂದು ಮಾತೂ ಆಡಿಲ್ಲವಂತೆ. ತಮ್ಮನ ರಕ್ತ ನೋಡಿ ಹುಚ್ಚನಾದ ದೊಡ್ಡರಂಗಯ್ಯ ಕೋವಿಯ ಹಿಡಿಯಲ್ಲೇ ಕರಡಿಯನ್ನು ಬಡಿದು, ಕೈ ಸೀಳಿಸಿಕೊಂಡು, ತಮ್ಮನನ್ನು ಹೆಗಲ ಮೇಲೆ ಹೊತ್ತು ತಂದನೆಂದು ಜನ ಹೇಳಿದಾಗಲೂ ಅವಳು ಅತ್ತಿರಲಿಲ್ಲ.

ಬಾಷಾ ಸಾಬ್ ತೂತಿಗೆ ಸೂಜಿ ಹಾಕಿದ. ಸಲೀಸಾಗಿ ಇಳಿಯಿತು. ಕಟ್ಟಿರಲಿಲ್ಲ.

"ಮದ್ದಿನ ಕೊಂಬು?"

ಚಿಕ್ಕಹನುಮಕ್ಕ ಸೆರಗಿನೊಳಗಿಂದ ತೆಗೆದು ಜಗಲಿಯ ಮೇಲಿಟ್ಟಳು. ಬಾಷಾ ಸಾಬ್ ಚಿಟಿಕೆ ಮದ್ದು ಕಲ್ಲಿನ ಮೇಲೆ ಸುರಿದು ಬೆಂಕಿಕಡ್ಡಿ ಗೀರಿದ. ಭುಸ್ಸೆಂದು ಹೊತ್ತಿ ಗಂಧಕದ ಹೊಗೆ ಎದ್ದಿತು. ಜನ ಹಿಂದೆ ಸರಿದರು.

ಕೇಪು ಸರಿ. ತೂತು ಸರಿ. ಮದ್ದು ಸರಿ. ಉಳಿದದ್ದು ಎಣ್ಣೆ.

ಕೋವಿ ಅಂದಿನಿಂದಲೂ ತುಂಬಿದ್ದು ತುಂಬಿದ ಹಾಗೇ ಪಟೇಲರ ಕೋಣೆಯಲ್ಲಿತ್ತು. ಮದ್ದು ಜಡಿಯುವ ಗಜದ ತುದಿಗೆ ತಿರುಪು ಸಿಕ್ಕಿಸಿ ಅವನು ಒಳಗಿನದನ್ನು ಹೊರಗೆಳೆದ. ತೆಂಗಿನ ನಾರು ಬಂತು. ಸೀಸದ ಚರೆ ಬಂತು. ಮತ್ತೆ ನಾರು. ನಳಿಗೆ ಬಗ್ಗಿಸಿ ತಟ್ಟಿದಾಗ ಅಂಗೈ ತುಂಬ ಕಪ್ಪು ಪುಡಿ ಉದುರಿತು.

ಒಣಗಿತ್ತು. ಎಣ್ಣೆಯ ಪಸೆಯೂ ಇರಲಿಲ್ಲ.

ಅವನು ಅದನ್ನು ಮೂಸಿದ. ಮತ್ತೊಮ್ಮೆ ಮೂಸಿದ. ದೊಡ್ಡರಂಗಯ್ಯನ ಮುಖ ನೋಡಿದ. ಸುತ್ತಲಿನವರ ಮುಖ ನೋಡಿದ. ನಿಜ ಹೇಳಿದರೆ, ತುಂಬಿದ ಕೈಯನ್ನು ಇವರು ಈ ರಾತ್ರಿಯೇ ಮುರಿಯುತ್ತಾರೆ.

"ಏನು ಸಾಬ್ರೆ?" ಎಂದರು ಪಟೇಲರು.

ಬಾಷಾ ಸಾಬ್ ಪುಡಿಯನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ.

"ನಂದೇ ತಪ್ಪು. ಎಣ್ಣೆ ಉಳಿದುಬಿಟ್ಟಿತ್ತು. ಮದ್ದು ನೆನೆದದೆ. ಠಾಣೆಯಲ್ಲೂ ಇದನ್ನೇ ಹೇಳ್ತೀನಿ."

ಚಿಕ್ಕಹನುಮಕ್ಕ ಮೊದಲ ಸಲ ತಲೆಯೆತ್ತಿದಳು.

"ಒಂದ್ ಹನಿ ಎಣ್ಣೆಗೆ ನನ್ ತಮ್ಮ ಹೋದ್ನಲ್ಲೋ!" ದೊಡ್ಡರಂಗಯ್ಯ ನೆಲಕ್ಕೆ ಕುಸಿದು, ಗಾಯದ ಕೈಯಿಂದಲೇ ಎದೆ ಬಡಿದುಕೊಂಡ. ಯಾರೋ ಬಾಷಾ ಸಾಬ್‌ನ ಕಾಲ ಬಳಿ ಉಗಿದರು. ಪಟೇಲರು ಮುಖ ತಿರುಗಿಸಿ ಹೇಳಿದರು. "ಇನ್ ಮ್ಯಾಲೆ ಈ ಸೀಮೇಲಿ ನಿಂಗ್ಯಾರೂ ಕೋವಿ ಕೊಡಲ್ಲ. ಬಸ್ಸಿಗೆ ಹೊತ್ತಾಯ್ತು, ನಡಿ."

ಮರುದಿನ ಬೆಳಿಗ್ಗೆ ಶಿರಾದ ಮನೆಯ ಹಿತ್ತಿಲಲ್ಲಿ ಖಾಜಾಬಿ ಬಾಯಿ ಮುಕ್ಕಳಿಸುತ್ತಿದ್ದಳು. ಕೆನ್ನೆಯ ಊತ ಪೂರ್ತಿ ಇಳಿದಿತ್ತು. "ಪಾಪ, ಆ ತಾಯಿ ಕೈಗುಣ ನೋಡ್ರಿ. ನೀವೂ ತಿಕ್ಕಿ," ಎಂದು ಪೊಟ್ಟಣ ಚಾಚಿದಳು.

ಬಾಷಾ ಸಾಬ್ ಜೇಬಿನಿಂದ ಕರವಸ್ತ್ರ ತೆಗೆದು ಪೊಟ್ಟಣದ ಪಕ್ಕದಲ್ಲಿ ಬಿಚ್ಚಿಟ್ಟ. ಗಂಡನನ್ನು ಸುಡುತ್ತೇನೆಂದು ಭಾವ ಬೆದರಿಸಿದ್ದ ಕೋವಿ ಕೈಕೊಡೋದು ಯಾತರಿಂದ ಎಂದು ಚಿಕ್ಕಹನುಮಕ್ಕ ಕೇಳಿದ್ದು ಈಗ ಅರ್ಥವಾಗಿತ್ತು.

ಎರಡೂ ಅದೇ ಇದ್ದಿಲ ಪುಡಿ. ಎರಡಕ್ಕೂ ಅದೇ ಲವಂಗದ ವಾಸನೆ.