ಓಟಕ್ಕೆ ಮುಂಚಿನ ಹೋಳಿಗೆ

ಶೇಂಗಾ ಹೋಳಿಗೆ ಬೇಯುವ ವಾಸನೆ ಬಂದರೆ ಇಂದಿಗೂ ನನ್ನ ಬಲಪಕ್ಕೆ ಹಿಡಿದಂತಾಗುತ್ತದೆ. ಬಲವೋ ಎಡವೋ, ಆ ನೆನಪನ್ನು ಪೂರ್ತಿ ನಂಬಲಾರೆ.

ಹಿರೇವಡ್ಡಟ್ಟಿಯಲ್ಲಿ ಶಾಲೆಗಳ ಓಟದ ಪಂದ್ಯವಿತ್ತು. ಗೆದ್ದವನು ಗದಗಿನಿಂದ ರೈಲು ಹತ್ತಿ ಧಾರವಾಡದ ಪಂದ್ಯಕ್ಕೆ ಹೋಗುತ್ತಿದ್ದ. ನಾನಿನ್ನೂ ರೈಲು ಹತ್ತಿರಲಿಲ್ಲ. ಹೊರಗಿನ ಹುಡುಗರಿಗೆ ಊರವರ ಮನೆಗಳಲ್ಲಿ ಊಟ. ನನ್ನನ್ನು ತನ್ನ ಮನೆಗೆ ಕರೆದೊಯ್ದವನು ಆ ಊರಿನ ಖಾದರ. ಅಲ್ಲಿ ನನಗೆ ಸರಿಸಾಟಿಯಾಗಿ ಓಡಬಲ್ಲವನು ಅವನೊಬ್ಬನೇ.

ಅವನ ಅಜ್ಜಿ ಬಿಸಿ ಹೋಳಿಗೆಯ ಮೇಲೆ ತುಪ್ಪ ಸುರಿದಳು. ಸಾಕೆಂದು ಕೈ ಅಡ್ಡ ಹಿಡಿದೆ.

“ಅಜ್ಜೀ, ಇಂವಾ ನಾಚಾಕತ್ಯಾನ. ಇನ್ನೊಂದು ಹಾಕು,” ಎಂದ ಖಾದರ. ಅವನ ತಾಟಿನಲ್ಲಿ ಅರ್ಧ ರೊಟ್ಟಿ ಮಾತ್ರ ಇತ್ತು.

“ನೀ ಯಾಕ ತಿನ್ನವಲ್ಲಿ ಲೇ?” ಎಂದೆ.

“ನಾ ಮನಿ ಮಂದಿ. ಮೊದಲ ನೀ ತಿನ್ನು.”

ನೀಡಿದ್ದನ್ನು ಒಲ್ಲೆ ಅನಬ್ಯಾಡ ಎಂದು ಹೊರಡುವಾಗ ಅವ್ವ ಹೇಳಿದ್ದಳು. ತಿಂದೆ.

ಓಟದ ನಡುವೆ ಪಕ್ಕೆ ಹಿಡಿಯಿತು. ಬಾಗಿ ನಿಂತ ನನ್ನನ್ನು ದಾಟಿ ಹೋಗಿ ಖಾದರ ಗೆದ್ದ.

ಅಜ್ಜಿ ಮೊಮ್ಮಗನನ್ನು ಬಿಟ್ಟು ಮೊದಲು ನನ್ನ ಬಳಿ ಬಂದು, ಸೆರಗಿನಿಂದ ಮುಖ ಒರೆಸಿದಳು.

“ಹೊಟ್ಟಿ ತುಂಬಿರಲಿಲ್ಲೇನೋ ಬೇಟಾ? ಇನ್ನೊಂದು ಹಾಕಬೇಕಾಗಿತ್ತು ನಾ.”

ಖಾದರ ನಮ್ಮತ್ತ ನೋಡದೆ, ಅಂಗಾಲೆತ್ತಿ ಮುಳ್ಳು ಹುಡುಕತೊಡಗಿದ.