ಪೀಠದ ಚರಿತ್ರೆಯಲ್ಲಿ ಒಂದು ಹೆಸರು

“ನನ್ನ ಹೆಸರು ತಗದ್ಹಾಕಪ್ಪ, ದೇವಿಂದ್ರಪ್ಪ,” ಅಂದರು ಇಮಾಮುದ್ದೀನ್ ಉಸ್ತಾದರು. ಬಾಗಿಲ ಕಡೆ ನೋಡಿ ದನಿ ಇನ್ನಷ್ಟು ತಗ್ಗಿಸಿದರು.

ಕಲಬುರ್ಗಿ ಚರ್ಚಿನ ಪಾದ್ರಿ ದೇವಿಂದ್ರಪ್ಪ ಓದುತ್ತಿದ್ದ ಹಾಳೆ ಕೆಳಗಿಳಿಸಿದ. ಮದ್ರಾಸ್ ಕಡೆಯ ಒಂದು ವಿಶ್ವವಿದ್ಯಾಲಯ ಅವನನ್ನು ಕ್ರೈಸ್ತ ಧರ್ಮಶಾಸ್ತ್ರದ ಪ್ರೊಫೆಸರನನ್ನಾಗಿ ಆರಿಸಿತ್ತು. ಆ ಪೀಠದಲ್ಲಿ ಅಲ್ಲಿಯವರೆಗೆ ಕೂತವರೆಲ್ಲ ಹಡಗು ಹತ್ತಿ ಬಂದ ಬಿಳಿಯರು. ಈ ನೆಲದವನು ಇವನೇ ಮೊದಲು. ಹೊಸಬ ತನ್ನ ಮೊದಲ ಉಪನ್ಯಾಸದಲ್ಲಿ ಪೀಠದ ಚರಿತ್ರೆ ಹೇಳಿ, ಹಿಂದಿನವರನ್ನೆಲ್ಲ ನೆನೆದು, ಕೊನೆಗೆ ತನ್ನ ಗುರುವಿನ ಹೆಸರು ಹೇಳುವುದು ಅಲ್ಲಿಯ ರೂಢಿ. ಅದನ್ನೇ ಉಸ್ತಾದರಿಗೆ ಓದಿ ಹೇಳಲೆಂದು ಅವನು ಕಮಲಾಪುರಕ್ಕೆ ಬಂದಿದ್ದ.

“ಸಣ್ಣಾಂವ ಇದ್ದಾಗ ನೀವು ಅರಬಿ ಕಲಿಸದಿದ್ರ ನನಗ ಅದರ ಬಳಗದ ಬೈಬಲ್ ಭಾಷಾ ಹೀಬ್ರೂ ಎಲ್ಲಿಂದ ಹತ್ತತಿತ್ರಿ? ಹೀಬ್ರೂ ಬರದಿದ್ರ ಈ ಕುರ್ಚಿ ಯಾರು ಕೊಡ್ತಿದ್ರು?”

“ಖರೆ. ಆದ್ರೂ ಬ್ಯಾಡ.”

ಯಾಕೆಂದು ಪರದೆಯ ಹಿಂದಿನಿಂದ ಅವರ ಹೆಂಡತಿ ಜುಬೇದಾ ಹೇಳಿದಳು: “ನಿಜಾಮನ ರಾಜ್ಯಕ್ಕ ದಂಡು ಬಂದು ಪೊಲೀಸ್ ಆ್ಯಕ್ಷನ್ ಆದಾಗ ಓಣ್ಯಾಗ ನಿಂತು ನಮ್ಮ ಮಗ ಸಲಾವುದ್ದೀನನ್ನ ಹೆಸರು ಹಿಡದು ಕರದ್ರು, ಬೇಟಾ. ಉಣ್ಣಾಕತ್ತಾಂವ ಎದ್ದು ಹೋದ. ವಾಪಸ್ ಬರ್ಲಿಲ್ಲ. ಅವತ್ತಿನಿಂದ ಈ ಮನ್ಯಾಗ ಯಾರ ಹೆಸರೂ ಜೋರಾಗಿ ತಗೊಳ್ಳಂಗಿಲ್ಲ.”

ದೇವಿಂದ್ರಪ್ಪ ಹಾಳೆಯನ್ನು ಮೊಣಕಾಲ ಮೇಲಿಟ್ಟುಕೊಂಡ. ಸಲಾವುದ್ದೀನ್ ಅವನ ಜೊತೆಯೇ ಓದಿದವನು. “ನಿಮಗ ತ್ರಾಸ ಆಗೂದಾದ್ರ ಬ್ಯಾಡ್ರಿ,” ಎಂದು ಹೆಸರಿನ ಮೇಲೆ ಗೆರೆ ಎಳೆಯಲು ಪೆನ್ನು ತೆಗೆದ.

“ತಡಿ.” ಪರದೆ ಸರಿಸಿ ಜುಬೇದಾ ಹೊರಗೆ ಬಂದಳು. “ಅಲ್ಲಿ ಮಂದಿ ಭಾಳ ಇರ್ತಾರೇನು?”

“ಹಾಲ್ ತುಂಬ ಇರ್ತಾರಮ್ಮಾ.”

“ಹಂಗಾರ ಹೇಳು. ಅಷ್ಟು ಮಂದ್ಯಾಗ ಒಬ್ಬರಾದ್ರೂ ಇವರ ಹೆಸರು ಮರ್ಯಾದಿಲೆ ಕರೀಲಿ. ಕೊಲ್ಲಾಕ ಬಂದವರ ಬಾಯಾಗ ಅಷ್ಟೇ ಇರಬೇಕೇನು ನಮ್ಮ ಹೆಸರು? ಈಗ ಇಲ್ಲೇ ಒಂದ್ಸಲ ಓದು. ಜೋರಾಗಿ ಓದು.”

ಉಸ್ತಾದರು ಬೇಡವೆನ್ನಲು ಕೈ ಎತ್ತಿದರು. ಹೆಂಡತಿಯ ಮುಖ ನೋಡಿ ಇಳಿಸಿದರು.

ದೇವಿಂದ್ರಪ್ಪ ಎದ್ದು ನಿಂತ. ಆ ಬಿಳಿಯರ ಹೆಸರುಗಳನ್ನು ಒಂದೊಂದಾಗಿ ಓದಿದ. ಆಮೇಲೆ ಒಮ್ಮೆ ಉಸಿರೆಳೆದುಕೊಂಡು, ಓಣಿಗೆಲ್ಲ ಕೇಳುವಂತೆ ಓದಿದ: “ನನ್ನ ಗುರುಗಳು, ಕಮಲಾಪುರದ ಇಮಾಮುದ್ದೀನ್ ಸಾಹೇಬರು.”

ಹೊರಗೆ ಯಾರದೋ ಬಂಡಿ ಹಾದುಹೋಯಿತು. ಬಾಗಿಲನ್ನು ಯಾರೂ ಬಡಿಯಲಿಲ್ಲ.

ಉಸ್ತಾದರು ಗೋಡೆ ಹಿಡಿದು ಮೆಲ್ಲಗೆ ಎದ್ದು ನಿಂತರು. ಸಾಲೆಯಲ್ಲಿ ಹಾಜರಿ ಕೂಗಿದಾಗ ಮಕ್ಕಳು ಹೇಳುವಂತೆ ಹೇಳಿದರು: “ಹಾಜಿರ್.”